ಕೊಬ್ಬರಿ ಕೆತ್ತಿದವಳು

ಆ ಕೊಬ್ಬರಿ ಬಟ್ಟಲನ್ನು ಕೆತ್ತಿದ್ದು ನಾನಲ್ಲ. ಅದೊಂದೇ ಅಲ್ಲ — ಹದಿನಾಲ್ಕು ವರ್ಷಗಳಿಂದ ನನ್ನ ಹೆಸರಿನಲ್ಲಿ ಮದುವೆ, ಸೀಮಂತಗಳ ಆರತಿ ತಟ್ಟೆಗಳಲ್ಲಿ ಕೂತ ಒಂದು ಬಟ್ಟಲನ್ನೂ ನಾನು ಕೆತ್ತಿಲ್ಲ. ಎಲ್ಲವೂ ನಿನ್ನವು, ಅಕ್ಕ. ಅಪ್ಪ ಹೋದರು, ಅಮ್ಮ ಹೋದಳು, ಹೋದ ತಿಂಗಳು ನೀನೂ ಹೋದೆ. ಗೊತ್ತಿರುವವಳು ಈಗ ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಅರಸೀಕೆರೆಯ ನಮ್ಮ ಮನೆಯಲ್ಲಿ ಪ್ರವಾಸವೆಂದರೆ ನಿನ್ನ ಕೆತ್ತನೆಯೇ. ಅಪ್ಪನ ಕೊಬ್ಬರಿ ರಾಶಿಯಿಂದ ನೀನು ಬಿರುಕಿಲ್ಲದ ಹೋಳುಗಳನ್ನು ಆರಿಸಿಕೊಳ್ಳುತ್ತಿದ್ದೆ. ಯಾರದಾದರೂ ಮದುವೆ ಗೊತ್ತಾದರೆ ಸಾಕು, ಅಪ್ಪ ಕೇಳುತ್ತಿದ್ದರು: “ಈ ಸಲ ಆನೆಯೋ ಬಳ್ಳಿಯೋ ಹೇಳಮ್ಮ, ಬಸ್ಸು ಆಮೇಲೆ ನೋಡಾಣ.” ಬಳ್ಳಿಯಾದರೆ ಹಾರನಹಳ್ಳಿ, ಆನೆಯಾದರೆ ಹಳೇಬೀಡು. ನೀನು ಗುಡಿಯ ಗೋಡೆಯ ಮುಂದೆ ಕೂತು ಅದರ ಕೆತ್ತನೆಯನ್ನು ಬರೆದುಕೊಳ್ಳುತ್ತಿದ್ದೆ. ನಾನು ಪುಳಿಯೋಗರೆ ಡಬ್ಬಿ ಕಾಯುತ್ತ ಗೊಣಗುತ್ತಿದ್ದೆ — “ಮೈಸೂರಿಗೆ ಝೂ ನೋಡಕ್ಕೆ ಯಾವಾಗ?”

ಎಮರ್ಜೆನ್ಸಿಯ ಹಿಂದಿನ ವರ್ಷ. ಹಾಸನದಿಂದ ಗಂಡಿನ ಕಡೆಯವರು ಬಂದದ್ದು ನಿನ್ನನ್ನು ನೋಡಲು. ಜಾವಗಲ್ಲಿನ ಮದುವೆಯಲ್ಲಿ ನಿನ್ನ ಆನೆಸಾಲಿನ ಬಟ್ಟಲು ಕಂಡು, ಇದನ್ನು ಕೆತ್ತಿದ ಹುಡುಗಿಯೇ ಸೊಸೆಯಾಗಬೇಕು ಎಂದು ಹುಡುಗನ ತಾಯಿ ಹಟ ಹಿಡಿದಿದ್ದರು. ನಿನ್ನದು ಮೂಲಾ ನಕ್ಷತ್ರ. ಮಾವನಿಗೆ ಆಗುವುದಿಲ್ಲ ಎಂದು ಎರಡು ಸಂಬಂಧ ತಪ್ಪಿ ಹೋಗಿದ್ದವು. ಈ ಹುಡುಗನಿಗೆ ತಂದೆಯೇ ಇರಲಿಲ್ಲ. ಇನ್ನು ಯಾರೂ ಬೇಡ ಎನ್ನುವಂತಿರಲಿಲ್ಲ... ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲಾರೆ.

ಅವರು ಹೇಳಿದ್ದಕ್ಕಿಂತ ಬೇಗ ಬಂದರು. ನೀನು ಒಳಗೆ ಸೀರೆ ಉಡುತ್ತಿದ್ದೆ, ನಾನು ಚಾಪೆ ಹಾಸುತ್ತಿದ್ದೆ. ಆಕೆ ಚೀಲದಿಂದ ಆ ಬಟ್ಟಲು ತೆಗೆದು, “ಇದನ್ನ ಕೆತ್ತಿದೋಳು ನೀನೇನಮ್ಮ?” ಎಂದರು. ಹಿಂದೆ ಹುಡುಗ ನಿಂತಿದ್ದ. ನಾನು ಅವನ ಮುಖ ನೋಡಿದೆ.

“ಹೂಂ, ನಾನೇ.”

ಯಾರು ಹೇಳಿದ್ದು ಅದು? ಅಪ್ಪ ಏನೋ ಹೇಳಲು ಬಾಯಿ ತೆರೆದರು — ಅಮ್ಮ ಕೆಮ್ಮಿದಳು. ಅಷ್ಟರಲ್ಲಿ ನೀನು ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದೆ. ಕೇಳಿಸಿಕೊಂಡೇ ಬಂದಿದ್ದೆ.

ಆಕೆ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. “ಇಷ್ಟು ನುಣ್ಣಗೈತಲ್ಲೇ! ಚಾಕು ಹಿಡಿಯೋ ಕೈಯಾ ಇದು?”

ನೀನು ನಕ್ಕೆ. “ದಿನಾ ಬೆಣ್ಣೆ ಹಚ್ಕೊಂಡು ಕೂತಿರ್ತಾಳೆ ಕಣ್ರಮ್ಮ, ನಮ್ಮನೆ ಮಹಾರಾಣಿ.”

ಎಲ್ಲರೂ ನಕ್ಕರು. ಆಗ ನಾನು ಕಂಡೆ — ಚಾಕುವಿನ ಗೀರುಗಳಿದ್ದ ನಿನ್ನ ಹೆಬ್ಬೆರಳು ಮೆಲ್ಲನೆ ತಟ್ಟೆಯ ಅಡಿಗೆ ಸರಿಯಿತು. ನನ್ನ ಸುಳ್ಳಿಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಅದು. ಆದರೂ ನಾನು ಬಾಯಿ ಬಿಡಲಿಲ್ಲ.

ಮುಂದೆ ನಡೆದದ್ದು ಇನ್ನೂ ಹೀನ. ಆ ಹುಡುಗನೇ ನಮ್ಮನೆಯವರಾದರು. ಅವರಿಗೆ ನನ್ನ ಕಲೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಪ್ರತಿ ದಸರಾ ರಜೆಗೆ, “ಈ ವರ್ಷ ಯಾವ ಡಿಸೈನು? ಬೇಲೂರೋ ಹಳೇಬೀಡೋ?” ಎಂದು ಕೇಳಿಯೇ ಬಸ್ಸು ಗೊತ್ತು ಮಾಡುತ್ತಿದ್ದರು. ಮದುವೆಯಾಗದೆ ಉಳಿದ ನೀನು ಅರಸೀಕೆರೆಯಿಂದ ಬಂದು ಸೇರುತ್ತಿದ್ದೆ. ನಾನು ಪುಸ್ತಕ, ಪೆನ್ಸಿಲ್ ಹಿಡಿದು ಗೋಡೆಯ ಮುಂದೆ ಕೂರುತ್ತಿದ್ದೆ. ನೀನು ನನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಆ ಗೋಡೆಯುದ್ದಕ್ಕೂ ನಿಧಾನವಾಗಿ ನಡೆಯುತ್ತಿದ್ದೆ — ಆಡಿಸುವ ನೆಪದಲ್ಲಿ ಒಂದೊಂದೇ ಆನೆಯನ್ನು ಕಣ್ಣಲ್ಲಿ ತುಂಬಿಕೊಳ್ಳುತ್ತ. ಬರೆಯಬೇಕಾದವಳ ಕೈಯಲ್ಲಿ ಮಗು, ಬರೆಯಲು ಬಾರದವಳ ಕೈಯಲ್ಲಿ ಪೆನ್ಸಿಲ್. ಆಮೇಲೆ ತವರಿನಲ್ಲಿ ಒಂದು ವಾರ. ಯಾರಾದರೂ ನೋಡುತ್ತಿದ್ದರೆ ನನಗೆ ಕೈ ಓಡುವುದಿಲ್ಲ ಎಂದು ಗಂಡನ ಮನೆಯಲ್ಲಿ ನಂಬಿಸಿದ್ದೆ. ನೀನು ನೆನಪಿನಿಂದಲೇ ಕೆತ್ತಿ, ಹಳೆಯ ಪಂಚೆಯಲ್ಲಿ ಸುತ್ತಿ ಕೊಡುತ್ತಿದ್ದೆ. ಒಮ್ಮೆಯೂ, ಅಕ್ಕ, ಒಮ್ಮೆಯೂ ನೀನು ಆ ದಿನದ ಮಾತೆತ್ತಲಿಲ್ಲ. ಎತ್ತಿದ್ದರೆ —

ಹೂ ಬಿಡಿಸಲು ಹಿತ್ತಿಲಿಗೆ ಹೋದವಳು ಅಲ್ಲೇ ಕುಸಿದೆಯಂತೆ. ಟೆಲಿಗ್ರಾಂ ಕೈಗೆ ಬಂದಾಗ ನನ್ನ ಮೊದಲ ಯೋಚನೆ ಏನಿತ್ತು ಗೊತ್ತೆ? ಬರೆಯಲು ಕೈ ಬರುತ್ತಿಲ್ಲ. ಕಾರ್ತಿಕದಲ್ಲಿ ನಾದಿನಿಯ ಸೀಮಂತವಿದೆ, ಇನ್ನು ಬಟ್ಟಲು ಯಾರು ಕೆತ್ತುತ್ತಾರೆ ಎಂದು. ಅದಾದ ಮೇಲೆಯೇ ಅಳು ಬಂದದ್ದು.

ಮೊನ್ನೆ ನಮ್ಮನೆಯವರು ಸಂತೆಯಿಂದ ಒಳ್ಳೆಯ ಕೊಬ್ಬರಿ ತಂದು ನನ್ನ ಮುಂದಿಟ್ಟರು. “ಅಕ್ಕನ ನೆನಪಿಗೆ ಒಂದು ಕೆತ್ತು. ದಸರಕ್ಕೆ ಹಳೇಬೀಡಿಗೆ ತಗೊಂಡು ಹೋಗಾಣ.”

ನಿನ್ನ ಪೆಟ್ಟಿಗೆಯಿಂದ ತಂದಿದ್ದ ಚಾಕು ತೆಗೆದುಕೊಂಡು ನಡುಮನೆಯಲ್ಲಿ, ಎಲ್ಲರ ಎದುರಿಗೇ ಕೂತೆ. ಎರಡನೆಯ ಗೀರಿಗೆ ಕೊಬ್ಬರಿ ಸೀಳಿತು. ಹೆಬ್ಬೆರಳಿಂದ ರಕ್ತ ಬಂತು.

“ಏನಾಯ್ತೇ?” ಅತ್ತೆ ಓಡಿ ಬಂದರು.

“ನಂಗೆ ಬರಲ್ಲ ಅತ್ತೆ. ಯಾವತ್ತೂ ಬರ್ತಿರಲಿಲ್ಲ. ಎಲ್ಲಾ ನಮ್ಮಕ್ಕ ಕೆತ್ತಿದ್ದು.”

ಅವರು ಹಿಡಿದಿದ್ದ ನನ್ನ ಕೈ ಬಿಟ್ಟರು. ನಮ್ಮನೆಯವರು ಎದ್ದು ಹೊರಗೆ ಹೋದರು. ಎರಡು ದಿನವಾಯಿತು, ಇನ್ನೂ ನನ್ನೊಡನೆ ಮಾತಾಡಿಲ್ಲ. ಅವರಿಗೆ ಗೊತ್ತಾಗಿರುವುದು ಅರ್ಧ ಮಾತ್ರ. ಅಂದು ಆ ಕಾಫಿ ತಟ್ಟೆ ಹಿಡಿದು ನಿಂತವಳನ್ನೇ ಅವರು ನೋಡಲು ಬಂದದ್ದೆಂದು ತಿಳಿದೇ ನಾನು ‘ನಾನೇ’ ಎಂದೆ — ಈ ಉಳಿದರ್ಧವನ್ನು ಇಂದು ಸಂಜೆ, ಅವರು ಮನೆಗೆ ಬಂದೊಡನೆ, ಹೇಳುತ್ತೇನೆ.