ಬ್ಯಾಕ್ಸ್‌ಟರ್ ಎಂಬ ಅಡ್ಡಹೆಸರು

ಮೊಮ್ಮಗಳು ಹುಟ್ಟಿದಳು, ನಾನು ಜಗಳಕ್ಕೆ ನಿಂತೆ. ಬೆಣ್ಣೆಮುದ್ದೆಯಂಥ ಕೂಸನ್ನು ಎದೆಗವಚಿಕೊಂಡೇ ಅದರ ಅಡ್ಡಹೆಸರಿಗಾಗಿ ಕಾಲು ಕೆದರಿದ ಅಜ್ಜಿ ಈ ವಾಷಿಂಗ್ಟನ್ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ನಮ್ಮದು ಹುಬ್ಬಳ್ಳಿಯ ಮೆಣಸಿನಕಾಯಿ ಮನೆತನ. ಅಳಿಯ ಟಾಮ್, ಬ್ಯಾಕ್ಸ್‌ಟರ್. ಓದಿದ್ದು ನಾಲ್ಕನೇ ಇಯತ್ತೆಯಾದರೂ ಅಡ್ಡಹೆಸರಿನ ವಿಷಯದಲ್ಲಿ ನಾನು ಪಂಡಿತಳೇ. ಬಡಿಗೇರ, ಕಮ್ಮಾರ ಎಂದರೆ ಕಸುಬು, ಮೆಣಸಿನಕಾಯಿ ಎಂದರೆ ವ್ಯಾಪಾರ, ತಿಳಿಯದ್ದೆಲ್ಲ ಊರು. ಹೀಗೆ ಅಳಿಯನನ್ನು ಬ್ಯಾಕ್ಸ್‌ಟರ್ ಎಂಬ ಊರಿನ ಗೌಡರ ಪೈಕಿ ಮಾಡಿ, ಮದುವೆಯ ಹೊತ್ತಿಗೇ ಓಣಿಗೆಲ್ಲ ಸಾರಿಬಿಟ್ಟಿದ್ದೆ. ಹೊಲ ಎಷ್ಟು ಎಂದವರಿಗೆ ನೂರು ಎಕರೆಯನ್ನೂ ಬರೆದುಕೊಟ್ಟಿದ್ದೆ.

ಆಸ್ಪತ್ರೆ ಬಿಡುವ ಮೊದಲು ಜನನದ ಫಾರ್ಮ್ ತುಂಬಬೇಕಿತ್ತು. ಮಗಳು ಸುಮಾ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

“ಅವ್ವಾ, ಅಡ್ಡಹೆಸರಿನ ಡಿಸಿಷನ್ ಟಾಮ್ ನನಗ ಬಿಟ್ಟಾನ. ನಾ ನಿನಗ ಬಿಟ್ಟೀನಿ. ಮಾರಿ ಊದಿಸಿಕೊಂಡು ಕುಂಡ್ರಬ್ಯಾಡ, ಹೇಳ.”

ಮೆಣಸಿನಕಾಯಿ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಟಾಮ್‌ನ ತಾಯಿ, ನಮ್ಮ ಬೀಗತಿ, ದಕ್ಷಿಣ ಕ್ಯಾರೊಲಿನಾದಿಂದ ಕಾರು ಓಡಿಸಿಕೊಂಡು ಬಂದರು. ಕೂಸನ್ನು ಕಂಡು ಅತ್ತರು, ನನ್ನನ್ನು ಅಪ್ಪಿಕೊಂಡು ಮತ್ತೆ ಅತ್ತರು. ಆಮೇಲೆ ತಾವೇ ಬೇಯಿಸಿ ತಂದ ಬ್ರೆಡ್ಡಿನ ಡಬ್ಬಿ ತೆರೆದರು. ನಾನು ಬಿಡುತ್ತೇನೆಯೇ? ಶ್ಯಾಂಟಿಲಿ ಊರಿನ ಮಗಳ ಮನೆಯಲ್ಲಿ ಬೆಳಿಗ್ಗೆ ಬಡಿದ ಜೋಳದ ರೊಟ್ಟಿಯ ಗಂಟು ಬಿಚ್ಚಿದೆ. ತಿನ್ನುತ್ತ, ಅವರ ಬ್ಯಾಕ್ಸ್‌ಟರ್ ಊರು ಎಲ್ಲಿ ಬರುತ್ತದೆ ಎಂದು ಮಗಳ ಬಾಯಿಂದ ಕೇಳಿಸಿದೆ.

ಬೀಗತಿ ನಕ್ಕರು. ಅದು ಊರಲ್ಲವಂತೆ. ಹಿಂದೆ ಇಂಗ್ಲೆಂಡಿನಲ್ಲಿ ರೊಟ್ಟಿ ಸುಡುವ ಹೆಂಗಸಿಗೆ ಹಾಗೆ ಅನ್ನುತ್ತಿದ್ದರಂತೆ. ಬರುಬರುತ್ತ ಗಂಡಸರಿಗೂ ಅದೇ ಹೆಸರು ಅಂಟಿತಂತೆ.

“ಹೆಂಗಸಿಗಾ?” ಎಂದೆ.

“ಹೂಂ ಅವ್ವಾ, ನಿನ್ನಂಥಾಕಿಗೆ.”

ನನ್ನ ನೂರು ಎಕರೆ ಅಲ್ಲಿಗೆ ಮುಳುಗಿತು. ಆದರೆ ದುಃಖವೇ ಆಗಲಿಲ್ಲ. ನಲವತ್ತು ವರ್ಷ ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ನಾನು. ಬೋರ್ಡಿನ ಮೇಲಿದ್ದ ಹೆಸರು ಮಾತ್ರ ಮಾವನವರ ಅಜ್ಜ ಮಾರಿದ ಮೆಣಸಿನಕಾಯಿಯದು. ಆ ಅಜ್ಜನ ಮುಖವನ್ನೇ ಕಾಣದ ನಾನು ಅವರ ಪರವಾಗಿ ಹೆತ್ತ ಮಗಳ ಮೇಲೆ ಮುನಿಸಿಕೊಂಡಿದ್ದೆ! ಇಲ್ಲಿ ನೋಡಿದರೆ, ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವ ಆರಡಿ ಗಂಡಸು ಯಾವಳೋ ಹಿಟ್ಟು ನಾದಿದವಳ ಹೆಸರಿನಲ್ಲಿ ಸಹಿ ಹಾಕುತ್ತಾನೆ.

“ಬ್ಯಾಕ್ಸ್‌ಟರ್ ಅಂತನ ಬರಿ.”

“ಖರೇನ? ಆಮ್ಯಾಲೆ ಅಳಬ್ಯಾಡ ಮತ್ತ.”

ಅತ್ತೆ. ಅಳುತ್ತಲೇ ಕೂಸಿನ ಹಣೆಗೆ ಮುತ್ತಿಟ್ಟೆ.

ಅಳಿಯ ಬಂದು, ಇಷ್ಟು ದೊಡ್ಡ ಮನಸ್ಸಿನ ಅತ್ತೆ ಯಾರಿಗೂ ಸಿಗುವುದಿಲ್ಲ ಎಂದು ಎರಡೂ ಕೈ ಹಿಡಿದುಕೊಂಡ. ನಾನು ದೊಡ್ಡ ಮನಸ್ಸನ್ನೇನೂ ಮಾಡಿರಲಿಲ್ಲ, ಹಟ ಹಿಡಿದು ನನ್ನ ಹೆಸರನ್ನೇ ಇಡಿಸಿದ್ದೆ. ಪಾಪ, ಅವನಿಗೆ ಇನ್ನೂ ಹೇಳಿಲ್ಲ.