ಕೀತನ ನಾಯಿ, ಬ್ಯಾರಿಯ ರೊಟ್ಟಿ

ಕುರಿ ಕಾಯುವ ನಾಯಿಗೆ ಕುರಿಯೇ ಊಟ ಹಾಕಬೇಕು ಅನ್ನುವುದು ಯಾವ ಊರಿನ ನ್ಯಾಯ ಎಂದು ಕೀತ್ ಹೇಗ್ ಇವತ್ತಿಗೂ ಕೇಳುತ್ತಾನೆ. ಯಾರಾದರೂ ಉತ್ತರ ಕೊಟ್ಟರೆ ಕೇಳಿಸಿಕೊಳ್ಳುವುದಿಲ್ಲ.

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಕಸದ ಲಾರಿ ಓಡಿಸುವ ಕೀತನ ಮನೆ ಇರುವುದು ಗುಡ್ಡದ ಮೇಲಿನ ಎತ್ತರದ ಕಟ್ಟಡದಲ್ಲಿ, ಏಳನೆಯ ಮಹಡಿ. ಅಷ್ಟೂ ಮನೆಗಳಿಗೆ ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರು. ಅದರ ಬಿಸಿನೀರು ಕೊಳವೆಗಳಲ್ಲಿ ಹರಿದು ಎಲ್ಲರನ್ನೂ ಬೆಚ್ಚಗಿಡಬೇಕು. ಆದರೆ ಅದು ಒಂದೋ ಬೇಯಿಸುತ್ತದೆ, ಇಲ್ಲವೇ ನಡುಗಿಸುತ್ತದೆ. ಜನವರಿಯ ಹಿಮದಲ್ಲೂ ಕೀತ್ ಬನಿಯನ್ನಿನಲ್ಲಿ, ಕಿಟಕಿ ತೆರೆದು ಕೂರುತ್ತಾನೆ. ಸ್ವಂತ ಗ್ಯಾಸ್ ಬಾಯ್ಲರು ಇದ್ದವರ ದೂರಿಗೆ ಸರ್ಕಾರದ ಕಾವಲು ಸಂಸ್ಥೆ ಇತ್ತು, ಇವರಿಗೆ ದಿಕ್ಕಿರಲಿಲ್ಲ. ವರ್ಷಗಟ್ಟಲೆ ಸಭೆಗಳಲ್ಲಿ ಮೇಜು ಗುದ್ದಿ ಕೀತ್ ಕೇಳಿದ್ದು ಅದೊಂದನ್ನೇ: ನಮಗೂ ಒಂದು ಕಾವಲು ನಾಯಿ ಕೊಡಿ.

ಕೊನೆಗೂ ಕೊಟ್ಟರು; ಇಂಥ ಕಟ್ಟಡಗಳ ಶಾಖವನ್ನೂ ಆ ಸಂಸ್ಥೆಯೇ ಕಾಯಬೇಕೆಂದಾಯಿತು. ಆ ಕಾವಲಿನ ಖರ್ಚು ಕೀತನ ಬಿಲ್ಲಿಗೂ ಬಂತು. ಅವನಂಥವರೇ ಪೂರ್ತಿ ಹೊತ್ತರೆ ಬೆನ್ನು ಮುರಿದೀತೆಂದು, ದೇಶದ ಗ್ಯಾಸು, ಕರೆಂಟಿನ ಬಿಲ್ಲುಗಳಿಗೂ ಚೂರುಚೂರು ಹಂಚಿದರು.

ತಕರಾರು ತೆಗೆದವನು ಬ್ಯಾರಿ ಸೈಕ್ಸ್. ಎದುರು ಬೀದಿಯವನು, ಸ್ವಂತ ಬಾಯ್ಲರಿನವನು. ಶುಕ್ರವಾರದ ಪಬ್ಬಿನ ಇಸ್ಪೀಟಿನಲ್ಲಿ ಮದುವೆಗೂ ಮುಂಚಿನಿಂದ ಕೀತನ ಜೋಡಿ.

"ನಿನ್ ನಾಯಿಗೆ ನಾನ್ಯಾಕೋ ರೊಟ್ಟಿ ಹಾಕ್ಬೇಕು?"

"ಎಷ್ಟಾಯ್ತು, ಹೇಳು. ಬಿಸಾಕ್ತೀನಿ."

"ಒಂದಿಷ್ಟು ಪೆನ್ನಿ. ದುಡ್ಡಿನ ಮಾತಲ್ಲ, ಮರ್ಯಾದೆ ಮಾತು. ತೀರಿಸೋವರ್ಗೂ ನಿನ್ ಜೊತೆ ಎಲೆ ಹಿಡಿಯಲ್ಲ."

ಮುಂದಿನ ವಾರವೇ ಪಬ್ಬಿನ ಇಸ್ಪೀಟು ಕಪ್ಪಿಗಾಗಿ ಪಂದ್ಯ. ಜೋಡಿಯಿಲ್ಲದೆ ಕೀತ್ ಆಡುವಂತಿಲ್ಲ. ಹಲ್ಲು ಕಡಿದುಕೊಂಡೇ ಒಂದು ಗ್ಲಾಸು ಬಿಯರು ತಂದಿಟ್ಟ. ಬ್ಯಾರಿ ಅದನ್ನು ಹಿಂದಕ್ಕೆ ತಳ್ಳಿದ.

"ಇದನ್ನ ಕುಡಿದ್ರೆ ಮುಂದಿನ ಸುತ್ತು ನಾನ್ ಕೊಡಿಸ್ಬೇಕು. ಸಾಲ ತೀರಿದ್ದೆಲ್ಲಿ ಬಂತು?"

ಮಾತು ಸರಿಯೇ. ಆ ಊರಿನಲ್ಲಿ ಬಿಯರಿಗೆ ಬಿಯರೇ ಉತ್ತರ. ಕೀತ್ ಐವತ್ತು ಪೆನ್ನಿಯ ನಾಣ್ಯ ಕುಕ್ಕಿದ.

"ಜಾಸ್ತಿ ಆಯ್ತು. ಚಿಲ್ಲರೆ ಇಲ್ಲ."

"ಇಟ್ಕೊಂಡು ಸಾಯಿ."

"ಬಡ್ಡಿ ತಿನ್ನೋ ವಂಶ ಅಲ್ಲಪ್ಪ ನಮ್ದು."

ಕೀತ್ ನಾಣ್ಯವನ್ನು ಜೇಬಿಗಿಳಿಸಿ, ಬಾಗಿಲು ಧಡಾರನೆ ಎಳೆದುಕೊಂಡು ಹೋದ.

ಪಂದ್ಯದ ಹಿಂದಿನ ದಿನ ಮೂಳೆ ಕೊರೆಯುವ ಚಳಿ. ಸಂಜೆ ಕೀತನ ಬಾಗಿಲು ತಟ್ಟಿದ್ದು ಬ್ಯಾರಿ. ಮೈಮೇಲೆ ಎರಡು ಕೋಟು, ಮೂಗು ಬೀಟ್‌ರೂಟು.

"ಏನಪ್ಪಾ, ನಾಯಿ ನೋಡಕ್ಕೆ ಬಂದ್ಯಾ?"

"ಬಾಯ್ಲರ್ ಕೈ ಕೊಡ್ತು. ಸೋಮವಾರದವರ್ಗೂ ರಿಪೇರಿಯವ್ನು ಬರಲ್ವಂತೆ. ಒಳಗ್ ಬಿಡ್ತೀಯೋ, ಇಲ್ವೋ?"

ಬಿಟ್ಟ. ಒಂದು ಕಪ್ ಟೀ ಮುಗಿಯುವುದರೊಳಗೆ ಬ್ಯಾರಿಯೂ ಬನಿಯನ್ನಿಗೆ ಇಳಿದಿದ್ದ.

"ಇದೇನ್ ಮನೇನೋ, ಬೇಕರಿನೋ? ಇದಕ್ಕೆ ದುಡ್ ಬೇರೆ ಕೊಡ್ತೀಯಾ? ದೂರು ಕೊಡೋ."

"ಕೊಟ್ಟಾಯ್ತು. ನೀನ್ ಸಾಕಿರೋ ನಾಯಿಗೇ. ಸರದಿ ಬರ್ಬೇಕಂತೆ."

ಬ್ಯಾರಿಯ ಮುಖ ಕೆಂಪೇರಿತು. "ನನ್ ರೊಟ್ಟಿ ತಿಂದ್ಕೊಂಡು ಸರದಿ ಅಂತಾ? ಫೋನ್ ಕೊಡಿಲ್ಲಿ."

ಕಚೇರಿ ಮುಚ್ಚಿತ್ತು. ಬೈಯಲು ಯಾರೂ ಸಿಗದೆ ಬ್ಯಾರಿ ತಾನಾಗಿಯೇ ಇಸ್ಪೀಟಿನ ಎಲೆ ಕಲಸಿದ.

"ಮತ್ತೆ ಆ ಸಾಲ?" ಅಂದ ಕೀತ್.

"ಈ ಶಾಖಕ್ಕೆ ವಜಾ ಮಾಡ್ಕೋ. ಎಷ್ಟಾಯ್ತು ಶಾಖ?"

ಕೀತನಿಗೆ ಗೊತ್ತಿಲ್ಲ. ಆ ಕಟ್ಟಡದಲ್ಲಿ ಬಿಲ್ಲು ಬರುವುದು ಮನೆಗಿಷ್ಟು ಎಂದು. ಶಾಖ ಅಳೆಯುವ ಮೀಟರೇ ಇಲ್ಲ.

ಮರುದಿನ ಇಬ್ಬರೂ ಜೊತೆಯಾಗಿ ಆಡಿ, ಜೊತೆಯಾಗಿ ಸೋತರು. ಆ ನಾಣ್ಯ ಈಗ ಕೀತನ ಕಿಟಕಿಯ ಸಂದಿಯಲ್ಲಿದೆ, ಗಾಳಿಗೆ ಅದರ ಬಾಗಿಲು ಬಡಿದುಕೊಳ್ಳದಂತೆ. ಯಾರದು ಎಂದು ಕೇಳಿದರೆ ಇಬ್ಬರೂ ಇನ್ನೊಬ್ಬನನ್ನು ತೋರಿಸುತ್ತಾರೆ.