ವಿಮಲಕ್ಕನ ಕಡೆಯ ಬಾಗಿಲು

ನೈರೋಬಿಯ ಸೌತ್ ಸಿ ಬಡಾವಣೆಯ ಆ ಮನೆಯ ಕಾರ್ ಶೆಡ್ಡಿನಲ್ಲಿ ಅವತ್ತು ನಾವು ನಾಲ್ವರಿದ್ದೆವು. ಬೆತ್ತದ ಕುರ್ಚಿಯಲ್ಲಿ ವಿಮಲಕ್ಕ, ಊರಿನ ಇನ್ನೊಂದು ಬದಿಯ ನ್ಗಾರಾದ ಗ್ಯಾರೇಜಿನಿಂದ ಬಂದಿದ್ದ ಮೆಕ್ಯಾನಿಕ್ ಮ್ವಾಂಗಿ, ಪಕ್ಕದ ಮನೆಯ ನಾನು. ಮತ್ತು ಚಕ್ರವಿಲ್ಲದ ಕಾರಿನೊಳಗೆ ಕಣ್ಣು ಮುಚ್ಚಿ ಕೂತ ವಿಮಲಕ್ಕನ ಗಂಡ, ರಾಯರು. ಇಲ್ಲದ ಗೇರು ಬದಲಿಸುತ್ತ, ಇಲ್ಲದ ತಿರುವಿಗೆ ಮೈ ವಾಲಿಸುತ್ತಿದ್ದರು. ಮುಖ ಎಷ್ಟು ಗಂಭೀರವೆಂದರೆ ನಗಲು ಯಾರಿಗೂ ಧೈರ್ಯವಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲವದು. ರಾಯರು ಮೈಸೂರಿನವರು, ಔಷಧಿ ಕಾರ್ಖಾನೆಯೊಂದರ ಎಂಜಿನಿಯರ್. ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವಂಥ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ಯಾರೋ ತುಕ್ಕು ಹಿಡಿಸಿ ಇವರಿಗೆ ಮಾರಿದ್ದರು. ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಏನು ಬದಲಾಯಿಸುವುದಿದ್ದರೂ ಮೊದಲು ಕಾರ್ಖಾನೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾದರಿ ಮಾಡಿ ಅಂಟಿಸುವರು, ದಿನಗಟ್ಟಲೆ ಅದರ ಸುತ್ತ ಓಡಾಡುವರು, ಒಳಗೆ ಕೂತು ಮನಸ್ಸಲ್ಲೇ ಓಡಿಸಿ ನೋಡುವರು. "ರಟ್ಟು ತಪ್ಪಿದ್ರೆ ಬಿಸಾಕಬಹುದು. ಕಬ್ಬಿಣ ತಪ್ಪಿದ್ರೆ ಅದರೊಳಗೇ ಕೂತು ಓಡಾಡ್ಬೇಕಲ್ಲಪ್ಪ" ಎನ್ನುವರು.

ಆ ಕಾರಿಗೆ ಬಾಗಿಲೇ ಇಲ್ಲ. ಪಕ್ಕದ ಅಂಚು ದಾಟಿ ಒಳಗೆ ಕಾಲಿಟ್ಟು ಇಳಿಯಬೇಕು. ಕೊಂಡ ಹೊಸತರಲ್ಲಿ ಅದು ವಿಮಲಕ್ಕನಿಗೆ ಕಷ್ಟವೇನಾಗಿರಲಿಲ್ಲ. ಆಮೇಲೆ ಪಾರ್ಶ್ವವಾಯು ಹೊಡೆದು ಎಡಗಾಲು ಸೋತಿತು. ಅಂದಿನಿಂದ ರಾಯರಿಗೆ ಒಂದೇ ಯೋಚನೆ, ಹೆಂಡತಿಯ ಕಡೆಗೊಂದು ಬಾಗಿಲು. ಅಲ್ಲಿ ಚೌಕಟ್ಟಿನ ಪೈಪು ಕೊಯ್ದರೆ ಕಾರಿನ ಬೆನ್ನು ಮುರಿದಂತೆ, ಕೆಳಗೆ ದಪ್ಪ ಪೈಪು ಕೊಡಬೇಕು, ಆಗ ಭಾರ ಹೆಚ್ಚಿ ಓಟ ಸಾಯುತ್ತದೆ ಎಂದು ಮ್ವಾಂಗಿಯ ತಕರಾರು. ರಾಯರು ಅದನ್ನೂ ಒಪ್ಪಿ ಇನ್ನೊಂದು ರಟ್ಟಿನ ಬಾಗಿಲು ಮಾಡಿದರು. ಆಮೇಲೆ ಮತ್ತೊಂದು. ಹೀಗೇ ಮಳೆಗಾಲ ಕಳೆಯಿತು.

ಅವತ್ತು ಹೊಸ ರಟ್ಟು ಅಂಟಿಸಿ ರಾಯರು ಒಳಗೆ ಕೂತಿದ್ದರು. ಕುರ್ಚಿಯಿಂದ ನೋಡುತ್ತಿದ್ದ ವಿಮಲಕ್ಕ ಹೇಳಿದರು:

"ರೀ, ಇನ್ನೊಂದು ಸಲ ಹೊಡೆದ್ರೆ ನಾನು ಏಳೋದು ಕಷ್ಟ ಅಂತ ಡಾಕ್ಟ್ರು ನಿಮಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ನಾನು ಕೂರ್ಬೇಕಾಗಿರೋದು ಕಾರಲ್ಲಿ, ರಟ್ಟಲ್ಲಲ್ಲ."

ರಾಯರು ಕಣ್ಣು ಬಿಟ್ಟರು. "ಓಟ ಕಮ್ಮಿ ಆಗತ್ತೆ, ವಿಮಲಾ."

"ನನಗೇನು ಅವಸರ?"

ಕನ್ನಡ ಬಾರದ ಮ್ವಾಂಗಿ ನಮ್ಮ ಮುಖ ನೋಡುತ್ತಿದ್ದ. ರಾಯರು ಇಳಿದು ಬಂದು ರಟ್ಟನ್ನು ತಾವೇ ಕಿತ್ತು, ಕೊಯ್ಯಿ ಎಂದು ಸ್ವಾಹಿಲಿಯಲ್ಲಿ ಅವನಿಗೆ ಹೇಳಿದರು.

ಬಾಗಿಲು ಕೂತು, ಕಾರು ನೆಲಕ್ಕಿಳಿದ ಭಾನುವಾರ ವಿಮಲಕ್ಕ ಮೊದಲು ಸೀಟಿನ ಮೇಲೆ ಕೂತು, ಬಲಗಾಲು ಒಳಗೆಳೆದುಕೊಂಡು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡರು. ನೆರವಿಗೆ ಹೋದ ನನ್ನನ್ನು ಕಣ್ಣಲ್ಲೇ ತಡೆದರು. ಮೊಂಬಾಸಾ ರಸ್ತೆಯಲ್ಲಿ ಹಿಂದೆ ಮಟಾಟು, ಅಂದರೆ ಬಾಡಿಗೆ ವ್ಯಾನೊಂದು, ಹಾರ್ನ್ ಹೊಡೆದಾಗ, ಮುಂದೆ ಹೋಗಪ್ಪ ಎಂದು ರಾಣಿಯ ಹಾಗೆ ಕೈಬೀಸಿ ದಾರಿ ಬಿಟ್ಟರಂತೆ. ರಾಯರು ಇದನ್ನು ಹೇಳಿದಷ್ಟು ಸಲವೂ ಆ ಕೈಬೀಸುವುದನ್ನು ಮಾಡಿ ತೋರಿಸುವರು.

ಮುಂದಿನ ವರ್ಷ ವಿಮಲಕ್ಕ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ರಾಯರು ಕಾರನ್ನು ನ್ಗಾರಾಕ್ಕೆ ಒಯ್ದು, ಮ್ವಾಂಗಿಯ ಕೈಯಲ್ಲಿ ಆ ಬಾಗಿಲನ್ನು ಬೆಸೆಸಿ ಮುಚ್ಚಿಸಿದರು. ನೈರೋಬಿ ಬಿಡುವವರೆಗೂ ಅದರಲ್ಲಿ ಒಬ್ಬರೇ ಓಡಾಡಿದರು.